ನಡುವಿನ ಖುರ್ಚಿ

ನಮ್ಮ ಮನಿಗಳೊಳಗ ಪ್ರತಿಯೊಂದು ಸಾಮಾನಿಗೂ ಒಬ್ಬೊಬ್ಬ ಮಾಲಕರು ಇರ್ತಾರ, ಅಲ್ಲೇನ್ರಿ? ಕುಕ್ಕರ್ ನಮ್ಮದು, ಮಿಕ್ಸರ್ ನಮ್ಮದು, ವಾಷಿಂಗ್ ಮಷೀನ್ ಅಂತೂ ಹೇಳೋದ ಬ್ಯಾಡ. ಕುಕ್ಕರಿನ ರಬ್ಬರ್ ಸಡಲಾದ್ರ, ಮಿಕ್ಸರಿನ ಬ್ಲೇಡು ಮೊಂಡಾದ್ರ ನಾವ ಚೀಲ ಹಿಡಕೊಂಡು ಪ್ಯಾಟಿಗೆ ಹೋಗ್ತೀವಿ. ಆದ್ರ ಪಡಸಾಲ್ಯಾಗಿನ ರೇಡಿಯೋ, ಟೇಪು, ಸ್ಟೀರಿಯೋ? ಅವುಗಳ ಮ್ಯಾಲಿನ ಧೂಳ ಅಷ್ಟ ನಮ್ಮದು. ಗುಂಡಿ ತಿರುವೋದು ಮಾತ್ರ ಗಂಡಸರ ಕೆಲಸ.

ನಮ್ಮ ಮನ್ಯಾಗ ಅಂಥಾ ಒಂದು ಸ್ಟೀರಿಯೋ ಅದ. ಮಾಳಮಡ್ಡಿ ಮನಿಗೆ ಬಂದವರೆಲ್ಲಾ ನೋಡೀರಿ, ಮ್ಯಾಲೆ ಅತ್ತಿ ಕ್ರೋಶಾ ಹಾಕಿದ ಬಿಳೇ ಹೊದಿಕಿ, ಅದರ ಮ್ಯಾಲೆ ಪ್ಲಾಸ್ಟಿಕ್ ಹೂವಿನ ಕುಂಡ. ಅದನ್ನ ಟೀಪಾಯಿ ಅಂತ ತಿಳಕೊಂಡವರೂ ಇದ್ದಾರ. ಮಾವನವರು 1979ರಾಗ ಪಗಾರದ ಬಾಕಿ ರೊಕ್ಕ ಬಂದಾಗ ತಗೊಂಡದ್ದು ಅದು. ರೆಕಾರ್ಡು ತಿರುಗಿಸೋ ಟರ್ನ್‌ಟೇಬಲ್ ಒಂದು, ಆಂಪ್ಲಿಫೈಯರ್ ಒಂದು, ಕಟಿಗಿಯ ಸ್ಪೀಕರ್ ಪೆಟಿಗಿ ಎರಡು. ಜೋಡಿಗೆ ಅರವತ್ತು ರೆಕಾರ್ಡು. ಆ ಕಾಲದಾಗ ಇದಕ್ಕ ‘ಹೈ-ಫೈ’ ಅಂತಿದ್ರು. ಹೈ ಫಿಡೆಲಿಟಿ ಅಂದ್ರ ಮತ್ತೇನಲ್ಲ, ಹಾಡಿದವರ ದನಿಗೆ ನಿಷ್ಠೆ. ಅವರು ಹೆಂಗ ಹಾಡಿದ್ರೋ ಹಂಗ ಕೇಳಿಸಬೇಕು, ನಡುವ ಮಷೀನ್ ತನ್ನದೇನೂ ಸೇರಿಸಬಾರದು, ಏನೂ ಕದೀಬಾರದು.

ರವಿವಾರ ಮುಂಜಾನೆ ಮಾವನವರ ಗೆಳೆಯರು ಬರ್ತಿದ್ರಂತ. ಧಾರವಾಡ ನೋಡ್ರಿ, ಇಲ್ಲಿ ಹಾಡು ಕೇಳೋದೂ ಒಂದು ವ್ರತ. ಮನಸೂರು ಊರಿನ ಮಲ್ಲಿಕಾರ್ಜುನ ಮನಸೂರರು, ಗದಗಿನ ಭೀಮಸೇನ ಜೋಶಿಯವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು, ಎಲ್ಲಾ ನಮ್ಮ ಸುತ್ತಮುತ್ತಲಿನವರ. ರೆಕಾರ್ಡಿನ ಒಂದು ಬದಿ ಮುಗೀಲಿಕ್ಕೆ ಇಪ್ಪತ್ತು ಇಪ್ಪತ್ತೆರಡು ಮಿನಿಟು. ಒಂದು ಬದಿ ಮುಗಿಯೋದರಾಗ ಅವಲಕ್ಕಿ, ಎರಡನೇ ಬದಿ ಮುಗಿಯೋದರಾಗ ಚಹಾ. ಇದು ಅತ್ತಿಯವರ ಗಡಿಯಾರ. ಚಹಾದ ತಾಟು ಒಳಗ ಇಟ್ಟು ಹೊರಗ ಬರೋದು, ಮತ್ತ ಅಡಗಿಮನಿ. ಅಡಗಿಮನಿಗೂ ಪಡಸಾಲಿಗೂ ನಡುವ ಒಂದೂವರಿ ಫೂಟಿನ ದಪ್ಪ ಗ್ವಾಡಿ.

ಮಾವನವರು 2006ರಾಗ ಹೋದ್ರು. ಮುಂದ ಯಾರೂ ಅದನ್ನ ಮುಟ್ಟಲಿಲ್ಲ.

ಹೋದ ವರ್ಷ ನಮ್ಮನಿಯವರು ಅದರ ಫೋಟೋ ತೆಗದು ಬೆಂಗಳೂರಿನ ಒಬ್ಬರಿಗೆ ಕಳಸಿದ್ರು. ಹಳೇ ಸಾಮಾನಿಗೆ ಈಗ ಭಾಳ ಬೇಡಿಕಿ ಅದ ಅಂತ. “ಇದ್ದಂಗ ಕೊಡ್ರಿ, ಹದಿನೈದು ಸಾವಿರ” ಅಂತ ಜವಾಬು ಬಂತು. ಅದ ತಿಂಗಳ ಕಿವಿ ಡಾಕ್ಟರು ಅತ್ತಿಗೆ ಹೇಳಿದ್ದರು, “ವಯಸ್ಸಾದಂಗ ಸಣ್ಣ ದನಿ, ತೀಕ್ಷ್ಣ ದನಿ ಮೊದಲ ಹೋಗ್ತಾವ. ನಿಮಗೂ ಶುರು ಆಗ್ಯದ” ಅಂತ. ಅತ್ತಿಗೆ ಈಗ 79. ಮಾರೋ ಮಾತು ಬಂದಾಗ ಅವರು ಅಕ್ಕಿ ಆರಿಸ್ತಾ ಕೂತಿದ್ರು. ತಲಿ ಎತ್ತದ ಅಂದ್ರು:

“ಮಾರ್ರೆಪಾ, ಬ್ಯಾಡ ಅನ್ನೂದುಲ್ಲ. ಆದ್ರ ಮಾರೂಕಿಂತ ಮೊದಲ ಒಮ್ಮೆ ಚಾಲೂ ಮಾಡ್ರಿ. ಕಿವಿ ಪೂರಾ ಹೋಗೂದ್ರಾಗ ನಾನೂ ಒಮ್ಮೆ ಒಳಗ ಕೂತು ಕೇಳ್ತೀನಿ.”

‘ಒಳಗ ಕೂತು’ ಅನ್ನೋ ಮಾತು ನನಗ ಅವತ್ತೆಲ್ಲಾ ಹತ್ತಿಕೊಂಡು ಕೂತಿತು. ಮೂವತ್ತು ವರ್ಷ ನಾನೂ ಈ ಮನ್ಯಾಗ ಇದ್ದೀನಿ, ಅವರು ಒಳಗ ಕೂತ ಕೇಳಿಲ್ಲ ಅನ್ನೋದು ನನ್ನ ಲಕ್ಷ್ಯಕ್ಕ ಬಂದಿರಲಿಲ್ಲ. ನಮ್ಮನಿಯವರಿಗೆ ಅಂದೆ, “ಇದನ್ನ ನಾ ರಿಪೇರಿ ಮಾಡಸ್ತೀನಿ.”

ಇನ್ನ ರಿಪೇರಿ ವಿಷಯ. ನಿಮ್ಮ ಮನಿ ಅಟ್ಟದ ಮ್ಯಾಲೂ ಇಂಥಾದ್ದು ಇರಬಹುದು, ಅದಕ್ಕ ಸವಿಸ್ತಾರ ಹೇಳ್ತೀನಿ.

ಮೊದಲನೇ ಮಾತು: ವರ್ಷಾನುಗಟ್ಟಲೆ ಮುಚ್ಚಿಟ್ಟದ್ದನ್ನ ಹೊದಿಕಿ ತೆಗದ ಕೂಡ್ಲೆ ಪ್ಲಗ್ಗಿಗೆ ಹಾಕಬ್ಯಾಡ್ರಿ. ಹುಬ್ಬಳ್ಳಿ ದುರ್ಗದಬೈಲಿನ ಕಡೆ ಒಬ್ಬರು ವಯಸ್ಸಾದ ರಿಪೇರಿ ಕಾಕಾ ಇದ್ದಾರ, ವಾಲ್ವಿನ ರೇಡಿಯೋ ಕಾಲದಿಂದ ಕೆಲಸ ಮಾಡಿದವರು. ಅವರು ಆಂಪ್ಲಿಫೈಯರಿಗೆ ಸೀದಾ ಕರೆಂಟ್ ಕೊಡಲಿಲ್ಲ. ನಡುವ ಒಂದು ಹಳೇ ನಮೂನಿ ನೂರು ವ್ಯಾಟಿನ ಬಲ್ಬು ಸೀರೀಸಿನಾಗ ಹಾಕಿದ್ರು. ಒಳಗ ಎಲ್ಲೆರೆ ಶಾರ್ಟ್ ಇದ್ರ ಬಲ್ಬು ಜಗ್ಗಿ ಉರೀತದ, ಮಷೀನ್ ಉಳೀತದ. ಚಲೋ ಇದ್ರ ಬಲ್ಬು ಒಮ್ಮೆ ಮಿಂಚಿ ಮಂದ ಆಗ್ತದ. ನಮ್ಮದು ಮಿಂಚಿ ಮಂದ ಆತು. ಅಷ್ಟರಾಗ ಸ್ಪೀಕರಿನಿಂದ ‘ಗುಂಯ್’ ಅಂತ ದನಿ ಬರ್ಲಿಕ್ಕೆ ಹತ್ತಿತು.

“ಇದು ಕೆಪಾಸಿಟರ್ ಒಣಗಿದ್ದರ ದನಿರಿ ಅಕ್ಕಾರ” ಅಂದ್ರು ಕಾಕಾ.

ಕೆಪಾಸಿಟರ್ ಅಂದ್ರ ಏನು ಅಂತ ನನಗ ಹಂಡೆ ಲೆಕ್ಕದಾಗ ತಿಳೀತು. ನಮ್ಮ ಊರಾಗ ನಳ ದಿನಾ ಬರೂದುಲ್ಲ. ಬಂದಾಗ ಹಂಡೆ ತುಂಬಿ ಇಡ್ತೀವಿ, ಆಮ್ಯಾಲೆ ಬೇಕಾದಾಗ ಒಂದ ಸಮನ ನೀರು ಸಿಗ್ತದ. ಮನಿಯ ಕರೆಂಟೂ ಒಂದ ಸಮನ ಇರೂದುಲ್ಲ, ಸೆಕೆಂಡಿಗೆ 50 ಸಲ ಹಿಂದ ಮುಂದ ಆಗ್ತದ. ಅದನ್ನ ಒಂದ ದಿಕ್ಕಿಗೆ ತಿರುಗಿಸಿದ್ರ ಸೆಕೆಂಡಿಗೆ 100 ಸಲ ಬಂದು ಬಂದು ನಿಲ್ತದ. ಕೆಪಾಸಿಟರ್ ಅನ್ನೋ ಹಂಡೆ ಅದನ್ನ ತುಂಬಿಸಿಕೊಂಡು ಸಮ ಮಾಡಿ ಕೊಡ್ತದ. ಒಳಗ ಒಂದು ದ್ರವದಾಗ ತೋಯಿಸಿದ ಕಾಗದ ಇರ್ತದ. ನಲವತ್ತೈದು ವರ್ಷಕ್ಕ ಅದು ಒಣಗಿ ಹಪ್ಪಳ ಆಗ್ಯದ. ಹಂಡೆ ಸೋರಿದ್ರ ನಳದ ಗಡಬಡಿ ಸೀದಾ ಸ್ಪೀಕರಿಗೆ ಬರ್ತದ, ಅದ ಈ ‘ಗುಂಯ್’.

ಇಲ್ಲೊಂದು ಎಚ್ಚರಿಕಿ. ದೊಡ್ಡ ಕೆಪಾಸಿಟರಿನಾಗ ಪ್ಲಗ್ ತೆಗದ ಮ್ಯಾಲೂ ಕರೆಂಟ್ ಕೂತಿರ್ತದ. ಕಾಕಾ ರೆಜಿಸ್ಟರ್ ಹಚ್ಚಿ ಅದನ್ನ ಖಾಲಿ ಮಾಡಿದ ಮ್ಯಾಲ ಕೈ ಹಚ್ಚಿದ್ರು. ಹಿಂಗಾಗಿ ಡಬ್ಬಿ ಬಿಚ್ಚಿ ಒಳಗ ಬೆರಳು ಹಾಕೋ ಕೆಲಸ ಗೊತ್ತಿದ್ದವರಿಗೇ ಬಿಡ್ರಿ. ಉಳಿದದ್ದು ನಾವ ಮಾಡಬಹುದು, ಯಾಕಂದ್ರ ಅದರಾಗ ಮುಕ್ಕಾಲು ಭಾಗ ನಮಗ ಗೊತ್ತಿದ್ದ ಕೆಲಸ ಅದ.

ಪಟ್ಟಾ ತಗೋರಿ. ಟರ್ನ್‌ಟೇಬಲ್ ಒಳಗ ಮೋಟರಿನಿಂದ ತಾಟಿಗೆ ಒಂದು ರಬ್ಬರ್ ಪಟ್ಟಾ ಇರ್ತದ, ಹಿಟ್ಟಿನ ಗಿರಣಿಯಾಗ ಇದ್ದಂಗ. ಅದು ಸಡಲಾಗಿ ಜೋತು ಬಿದ್ದಿತ್ತು. ಹೊಲಿಗಿ ದಾರದಿಂದ ಮೋಟರು, ತಾಟು ಸುತ್ತಿ ಅಳದು, ಅದಕ್ಕಿಂತ ಸ್ವಲ್ಪ ಕಮ್ಮಿ ಅಳತಿದ ಪಟ್ಟಾ ತರಿಸಿದೆ. ತಾಟಿನ ನಡುವಿನ ಕಂಬಕ್ಕ ಗಟ್ಟಿಯಾದ ಹಳೇ ಜಿಡ್ಡು ವರಸಿ, ಹೊಲಿಗಿ ಮಷೀನಿನ ಎಣ್ಣಿ ಒಂದ ಹನಿ ಬಿಟ್ಟೆ.

ತಾಟು ಸರಿಯಾದ ವೇಗದಾಗ ತಿರಗ್ತದೋ ಇಲ್ಲೋ ನೋಡಬೇಕಲ್ಲ? ಎಲ್‌ಪಿ ರೆಕಾರ್ಡು ಮಿನಿಟಿಗೆ ಮೂವತ್ಮೂರು ಸುತ್ತು, ಮ್ಯಾಲೊಂದು ಮೂರರಾಗ ಒಂದು ಪಾಲು. ಅಂದ್ರ ಮೂರು ಮಿನಿಟಿಗೆ ಕರೆಕ್ಟ್ ನೂರು. ತಾಟಿನ ಅಂಚಿಗೆ ಒಂದು ಟಿಕಳಿ ಹಚ್ಚಿ ಮಗಳನ್ನ ಮೊಬೈಲಿನ ಟೈಮರ್ ಹಿಡಿಸಿ ಕೂಡಿಸಿದೆ. ಅತ್ತಿ ಜಪದ ಸರ ಹಿಡದು ಎಣಿಸಿದ್ರು. ಮಣಿ 108 ಇದ್ರೂ ನೂರಕ್ಕ ನಿಂದ್ರಬೇಕು ಅಂತ ಮೊದಲ ಹೇಳಿದ್ವಿ. ಮೊದಲನೇ ಸಲ 97 ಬಂತು. ಮೂರು ಕಮ್ಮಿ ಆದ್ರ ಏನಾತು ಅಂತೀರಿ? ಹಾಡಿದವರ ಶ್ರುತಿ ಕಾಲು ಸ್ವರದ ಹತ್ತಿರ ಕೆಳಗಿಳೀತದ. ಮೋಟರಿನ ತಲಿ ಸ್ಪಿರಿಟ್ ಅರಬಿಯಿಂದ ವರಸಿ ಮತ್ತ ಎಣಿಸಿದ್ವಿ, ಕರೆಕ್ಟ್ ನೂರು.

ಮುಳ್ಳಿನ ಕೆಲಸ ನಾಜೂಕು. ರೆಕಾರ್ಡಿನ ಗೆರಿಯಾಗ ಓಡೋ ಮುಳ್ಳಿನ ತುದಿಗೆ ವಜ್ರ ಇರ್ತದ, ಆದ್ರೂ ಸಾವಿರ ತಾಸಿನ ಒಳಗ ಸವೀತದ. ಸವೆದ ಮುಳ್ಳು ಹಾಡೋದಿಲ್ಲ, ಕೆರೀತದ. ಹೊಸಾದು ಹಾಕಿಸಿ ಅದರ ಭಾರ ತೂಗಿದ್ವಿ. ಬಂಗಾರ ತೂಗೋ ಸಣ್ಣ ಬ್ಯಾಟರಿ ತಕ್ಕಡಿ ನಮ್ಮ ವೈನಿ ಮನ್ಯಾಗಿತ್ತು. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇದ್ರ ಒಂದೂವರಿ, ಎರಡು ಗ್ರಾಂ ಸಾಕು. ಹಳೇ ಸೆರಾಮಿಕ್ಕಿಗೆ ಐದಾರು ಬೇಕು. ನಮ್ಮದು ಸೆರಾಮಿಕ್, ಐದಕ್ಕ ನಿಲ್ಲಿಸಿದ್ವಿ. ಹೆಚ್ಚಾದ್ರ ಗೆರಿ ಸವೀತದ. ಕಮ್ಮಿ ಆದ್ರೂ ಗೆರಿ ಹಾಳು, ಮುಳ್ಳು ಕುಣದು ಕುಣದು ಗೀರ್ತದ.

ಸ್ಪೀಕರಿನ ಕಾಗದದ ಸುತ್ತ ಫೋಮಿನ ಅಂಚು ಇರ್ತದ. ಅದು ಹಳೇ ಹೋಳಿಗಿ ಅಂಚಿನಂಗ ಉದುರಿತ್ತು. ಕಾಕಾ ಹೊಸಾ ಅಂಚು ಅಂಟಿಸಿ ಕೊಟ್ರು. ವಾಲ್ಯೂಮಿನ ಗುಂಡಿ ತಿರುವಿದ್ರ ‘ಕರಕರ’ ಅಂತಿತ್ತು. ಸ್ಪ್ರೇ ಹೊಡದು ಮೂವತ್ತು ಸಲ ಆ ಕಡೆ ಈ ಕಡೆ ತಿರುವಿದ ಮ್ಯಾಲ ಬೆಣ್ಣಿಯಂಗ ಆತು. ಎಲ್ಲಾ ಕೂಡಿ ಆರು ಸಾವಿರ ರೂಪಾಯಿ ಖರ್ಚು.

ಇನ್ನ ರೆಕಾರ್ಡು ತೊಳಿಯೋದು. ಬೋರ್‌ವೆಲ್ ನೀರು ಬ್ಯಾಡ, ಸುಣ್ಣ ಗೆರಿಯಾಗ ಕೂಡ್ತದ. ಬ್ಯಾಟರಿ ಅಂಗಡ್ಯಾಗ ಡಿಸ್ಟಿಲ್ಡ್ ವಾಟರ್ ಸಿಗ್ತದ. ಅದಕ್ಕ ಪಾತ್ರಿ ತೊಳಿಯೋ ಲಿಕ್ವಿಡ್ ಒಂದೆರಡ ಹನಿ ಹಾಕಿ, ಮೆತ್ತನ್ನ ಅರಬಿಯಿಂದ ಗೆರಿ ಹೋದ ದಿಕ್ಕಿನಾಗ ಸುತ್ತ ವರಸಬೇಕು. ನಡುವಿನ ಕಾಗದಕ್ಕ ನೀರು ತಾಗಬಾರದು. ಒಣಗಲಿಕ್ಕೆ ತಾಟಿನ ಸ್ಟ್ಯಾಂಡಿನಾಗ ನಿಲ್ಲಿಸಿದ್ರ ಆತು. ನಮ್ಮ ಅಡಗಿಮನಿ ಸ್ಟ್ಯಾಂಡಿನಾಗ ಮನಸೂರರು, ಗಂಗೂಬಾಯಿಯವರು, ಭೀಮಸೇನರು ಸಾಲಾಗಿ ನಿಂತಿದ್ರು.

ನಿಮ್ಮಲ್ಲಿ 78ರ ಪ್ಲೇಟು ಇದ್ರ, ಅದ, ಕೆಳಗ ಬಿದ್ರ ಕಪ್ಪಿನಂಗ ಒಡೆಯೋ ದಪ್ಪ ರೆಕಾರ್ಡು, ಅದಕ್ಕ ಸ್ಪಿರಿಟ್ ಮಾತ್ರ ಹಚ್ಚಬ್ಯಾಡ್ರಿ. ಅದನ್ನ ಮಾಡೋದು ಅರಗಿನಿಂದ, ನಮ್ಮ ಅಜ್ಜಿಯಂದಿರ ಅರಗಿನ ಬಳಿಗೆ ಹಾಕ್ತಿದ್ದ ಅದ ಅರಗು. ಸ್ಪಿರಿಟ್ ತಾಗಿದ್ರ ಕರಗ್ತದ. ಎಲ್‌ಪಿ ಮುಳ್ಳಿನಿಂದ ಅದನ್ನ ಕೇಳ್ಲಿಕ್ಕೂ ಬ್ಯಾಡ, ಅದರ ಗೆರಿ ಅಗಲ, ಅದಕ್ಕ ದಪ್ಪ ಮುಳ್ಳ ಬೇಕು.

ಎಲ್ಲಾ ಆದ ಮ್ಯಾಲ ಕಾಕಾ ಒಂದು ಮಾತು ಹೇಳಿದ್ರು. “ಅಕ್ಕಾರ, ಮಷೀನ್ ಎಷ್ಟ ಚಲೋ ಇದ್ರೂ ಖರೇ ದನಿ ಒಂದ ಜಾಗಾದಾಗ ಸಿಗ್ತದ. ಎರಡು ಪೆಟಿಗಿ ನಡುವ ಎಷ್ಟು ಅಂತರ ಅದನೋ ಅಷ್ಟ ಅಂತರದಾಗ, ನಡುವ, ಒಂದು ಖುರ್ಚಿ ಹಾಕ್ರಿ. ಮೂರೂ ಮೂಲಿ ಸಮ ಇರಬೇಕು.”

ರಂಗೋಲಿ ಹಾಕೋರಿಗೆ ಇದೇನು ದೊಡ್ಡ ಮಾತಲ್ಲ. ದಾರ ಹಿಡದು ಅಳದೆ, ಏಳೇಳು ಫೂಟಿನ ಮೂರು ಬದಿ. ಪೆಟಿಗಿ ಗ್ವಾಡಿ ಬಿಟ್ಟು ಒಂದು ಮೊಳ ಮುಂದ ತಂದೆ. ಗ್ವಾಡಿಗೆ, ಮೂಲಿಗೆ ಹತ್ತಿಸಿದ್ರ ದಪ್ಪ ದನಿ ಗುಮ್ಮಗುಮ್ಮ ಅಂತದ. ಮ್ಯಾಲಿನ ಸಣ್ಣ ಸ್ಪೀಕರು ಕೂತವರ ಕಿವಿ ಮಟ್ಟಕ್ಕ ಬರಬೇಕು ಅಂತ ಪೆಟಿಗಿ ಕೆಳಗ ಊಟದ ಮಣಿ ಎರಡೆರಡು ಇಟ್ಟೆ. ತಂತಿ ಜೋಡಿಸುವಾಗ ಎರಡೂ ಕಡೆ ಕೆಂಪಿಗೆ ಕೆಂಪು, ಕರೀದಕ್ಕ ಕರೀದು. ಒಂದು ಕಡೆ ತಿರುವಾಮುರುವಾದ್ರ ಒಂದು ಸ್ಪೀಕರು ಮುಂದ ದಬ್ಬುವಾಗ ಇನ್ನೊಂದು ಹಿಂದ ಎಳೀತದ, ದಪ್ಪ ದನಿ ಸತ್ತ ಹೋಗ್ತದ.

ಹಿಂಗ ಅಳಿಯುವಾಗ ನನಗ ಹೊಳೀತು. ನಾ ಖುರ್ಚಿ ಇಟ್ಟ ಜಾಗಾದಾಗ ಮಾವನವರ ಬೆತ್ತದ ಆರಾಮ ಖುರ್ಚಿಯ ಕಾಲಿನ ಗುರುತು ನೆಲದ ಮ್ಯಾಲೆ ಮೊದಲ ಇತ್ತು. ಅವರಿಗೂ ಗೊತ್ತಿತ್ತು, ಅಳದ ಇಟ್ಟಿದ್ರು. ಅದರಾಗೇನು ತಪ್ಪಿಲ್ಲ. ಆದ್ರ ಮನ್ಯಾಗ ಏಳು ಮಂದಿ ಇದ್ರೂ ಆ ಜಾಗಾ ಒಬ್ಬರಿಗೇ ಇತ್ತು.

ಅತ್ತಿಯವರನ್ನ ಅಲ್ಲಿ ಕೂಡಿಸಿದೆ. ಕೂಡುವಾಗ ಖುರ್ಚಿ ಅಂಚಿಗೆ ಕೂತ್ರು, ಯಾರರೆ ಬಂದ್ರ ಏಳಬೇಕು ಅನ್ನೋರಂಗ. “ಹಿಂದ ಸರದು ಆರಾಮ ಕೂಡ್ರಿ ಅತ್ತಿ” ಅಂದೆ. ಡಾಕ್ಟರು ಹೇಳಿದ್ದು ನೆನಪಾಗಿ ಟ್ರೆಬಲ್ ಗುಂಡಿ ಸ್ವಲ್ಪ ಹೆಚ್ಚು ಮಾಡಿದೆ. ಮನಸೂರರ ರೆಕಾರ್ಡು ಹಚ್ಚಿದೆ.

ದನಿ ಶುರು ಆದ ಕೂಡ್ಲೆ ಅತ್ತಿ ಮಾರಿ ಗಂಟ ಹಾಕಿದ್ರು. “ಏನವಾ, ಮಷೀನ್ ಇನ್ನೂ ದುರಸ್ತ ಆಗಿಲ್ಲೇನು? ಗುಂಯ್ ಅಂತದಲ್ಲ?”

“ಅದು ಮಷೀನ್ ಅಲ್ಲರೀ ಅತ್ತಿ. ತಂಬೂರಿ.”

ಅವರು ಸುಮ್ಮನಾದ್ರು. ಎಷ್ಟೋ ಹೊತ್ತು ಸುಮ್ಮನ ಇದ್ರು. ತಬಲಾ ಬಂದ ಮ್ಯಾಲ ಬಲಗೈ ತೊಡಿ ಮ್ಯಾಲ ತಾನ ತಾಳ ಹಾಕ್ಲಿಕ್ಕೆ ಹತ್ತಿತು. ಸಮ್ ಎಲ್ಲಿ ಬೀಳ್ತದ ಅಂತ ನನಗ ಒಂದೂ ತಿಳೀಲಿಲ್ಲ, ಅವರ ಕೈ ಒಂದ ಸಲನೂ ತಪ್ಪಲಿಲ್ಲ.

ಕಾರಣ ಹೇಳ್ತೀನಿ ಕೇಳ್ರಿ. ಗ್ವಾಡಿ ದಪ್ಪ ದನಿ ಬಿಡ್ತದ, ಸಣ್ಣ ದನಿ ತಡೀತದ. ಮದುವಿ ಮನಿ ಬ್ಯಾಂಡು ದೂರಿಂದ ಬರುವಾಗ ಮೊದಲ ಡೋಲ ಕೇಳಸ್ತದಲ್ಲ, ಹಂಗ. ಇಪ್ಪತ್ತೇಳು ವರ್ಷ ಅತ್ತಿಗೆ ಅಡಗಿಮನಿಯಾಗ ಡಗ್ಗಾ ಕೇಳಿತ್ತು, ಹಾಡಿದವರ ದನಿಯ ದಪ್ಪ ಭಾಗ ಕೇಳಿತ್ತು. ತಂಬೂರಿ ಕೇಳಿರಲಿಲ್ಲ. ಅಕ್ಷರ ಕೇಳಿರಲಿಲ್ಲ. ಅರವತ್ತು ರೆಕಾರ್ಡಿನ ತಾಳ ಅವರಿಗೆ ಬಾಯಿಪಾಠ, ಆದ್ರ ಯಾವದೂ ಪೂರ್ತಿ ಕೇಳಿದ್ದಲ್ಲ.

ಬದಿ ಮುಗಿಯೋ ಹೊತ್ತಿಗೆ ಎರಡೂ ಪೆಟಿಗಿ ನಡುವಿನ ಖಾಲಿ ಜಾಗಾ ತೋರಿಸಿ ಕೇಳಿದ್ರು, “ಇವರು ಪೆಟಿಗಿ ಬಿಟ್ಟು ನಡುವ ಕೂತು ಹಾಡ್ತಾರಲ್ಲ, ಅದ ಹೆಂಗ?” ಎರಡೂ ಕಡೆಯಿಂದ ಒಂದ ದನಿ ಒಂದ ಹೊತ್ತಿಗೆ ಎರಡೂ ಕಿವಿಗೆ ಮುಟ್ಟಿದ್ರ, ನಮ್ಮ ಮಿದುಳು ಅದನ್ನ ನಟ್ಟನಡುವ ಕೂಡಿಸ್ತದ. ಒಂದು ಫೂಟು ಆಚೆ ಸರದ್ರ ಹತ್ತಿರದ ಪೆಟಿಗಿಗೆ ಹಾರ್ತದ. ಹಿಂಗಾಗಿ ಹಾಡವರು ನಡುವ ಕೂತಿದ್ದು ಕಾಣೋದು ನಡುವ ಕೂತವರಿಗೆ ಅಷ್ಟ.

ಮಾವನವರ ಮ್ಯಾಲ ನನಗ ಸಿಟ್ಟು ಬಂದಿತ್ತು, ಬಿಚ್ಚಿ ಹೇಳ್ತೀನಿ. ಅತ್ತಿಗೆ ಅದು ತಿಳೀತು ಅನಸ್ತದ. ರಾತ್ರಿ ಹಾಸಿಗಿ ಹಾಸುವಾಗ ಅಂದ್ರು, “ಬರಬ್ಯಾಡ ಅಂತ ಅವರು ಒಮ್ಮೆನೂ ಅಂದಿಲ್ಲವಾ. ಕರೀಬೇಕು ಅಂತ ಅವರಿಗೆ ಹೊಳೀಲಿಲ್ಲ. ಕೂಡಬೇಕು ಅಂತ ನನಗ ಹೊಳೀಲಿಲ್ಲ. ಒಲಿ ಮ್ಯಾಲ ಏನರೆ ಇರ್ತಿತ್ತು.”

ಗಂಗೂಬಾಯಿಯವರ ವಿಷಯ ಇಲ್ಲೇ ಹೇಳಬೇಕು. ಸಣ್ಣಾಕಿ ಇದ್ದಾಗ ಓಣ್ಯಾಗ ಗ್ರಾಮಫೋನಿನ ದನಿ ಬಂದ್ರ ಅವರು ಹೊರಗ ಓಡಿ ಹೋಗಿ ಕೇಳಿ, ಕೇಳಿದ್ದನ್ನ ಹಂಗ ಹಾಡ್ತಿದ್ರಂತ. 1930ರ ದಶಕದಾಗ ಅವರದ ರೆಕಾರ್ಡು ಬಂದಾಗ ಅದರ ಮ್ಯಾಲಿದ್ದ ಹೆಸರು ‘ಗಾಂಧಾರಿ’. ಆ ಪ್ಲೇಟಿನ ಒಂದು ಬದಿಗೆ ಬರೇ ಮೂರು ಮಿನಿಟು, ಇಡೀ ರಾಗ ಅದರಾಗ ಮುಗಿಸಬೇಕು. ಓಣ್ಯಾಗ ನಿಂತು ಕೇಳಿದ ಹುಡಿಗಿಯ ದನಿ ಆಮ್ಯಾಲ ಎಷ್ಟೋ ಮನಿಯ ಪಡಸಾಲಿ ಸೇರಿತು. ಎಲ್ಲಾರಿಗೂ ಹಂಗ ಹಾಡ್ಲಿಕ್ಕೆ ಬರೂದುಲ್ಲ ಖರೇ. ಆದ್ರ ಒಳಗ ಕೂತು ಕೇಳ್ಲಿಕ್ಕೆ ಯಾವ ವಿದ್ಯಾನೂ ಬ್ಯಾಡ, ಇಪ್ಪತ್ತು ಮಿನಿಟು ಒಲಿ ಆರಿಸಿದ್ರ ಸಾಕು.

ಮಾರೋ ಮಾತು ಏನಾತು ಅಂತ ಕೇಳ್ತೀರಿ. ಚಾಲೂ ಆಗ್ಯದ ಅಂತ ಗೊತ್ತಾಗಿ ಬೆಂಗಳೂರಿನವರು ಮೂವತ್ತು ಸಾವಿರಕ್ಕ ಏರಿಸಿದ್ರು. ನಮ್ಮನಿಯವರು ಅತ್ತಿ ಮಾರಿ ನೋಡಿದ್ರು. ಅತ್ತಿ ಅಂದ್ರು, “ಮಾರ್ರಿ ಅಂತ ನಾನ ಅಂದಿದ್ದೆ, ಇಲ್ಲ ಅನ್ನೂದುಲ್ಲ. ಈಗ ನಾಕ ಆಗ್ಯಾವ. ಇನ್ನ ಐವತ್ತಾರು ಉಳದಾವ. ಅವು ಮುಗೀಲಿ.” ವಾರಕ್ಕ ಒಂದ ಕೇಳ್ತಾರ, ಅದೂ ಎರಡೆರಡು ಸಲ. ಲೆಕ್ಕ ನೀವ ಹಾಕ್ರಿ. ನಮ್ಮನಿಯವರು ಆ ಮಾತು ಮತ್ತ ತೆಗದಿಲ್ಲ. ಹೋದ ಗುರುವಾರ ತಾವ ಚಹಾ ಮಾಡಿಕೊಂಡು ಬಂದು, ಬಾಗಲದಾಗ ನಿಂತು, ಬದಿ ಮುಗಿಯೋ ತನಕ ಕಾಯ್ದ್ರು.

ನಿಮ್ಮ ಅಟ್ಟದ ಮ್ಯಾಲ ಹಿಂಥಾದ್ದು ಇದ್ರ ಗುಜರಿಯವನಿಗೆ ಕಿಲೋ ಲೆಕ್ಕದಾಗ ಹಾಕೂಕಿಂತ ಮೊದಲ ಇಷ್ಟು ನೋಡ್ರಿ: ತಾಟು ಕೈಯಿಂದ ತಿರುವಿದ್ರ ಸರಳ ತಿರಗ್ತದೇನು, ಮುಳ್ಳಿನ ತೋಳು ಸಡಲಾಗಿ ಅಲಗಾಡ್ತದೇನು, ಸ್ಪೀಕರಿನ ಕಾಗದ ಹರದದೇನು. ರೆಕಾರ್ಡು ಮಲಗಿಸಿ ಒಂದರ ಮ್ಯಾಲೊಂದು ಪೇರಿಸಬ್ಯಾಡ್ರಿ, ಬಿಸಲಿಗೆ ಇಡಬ್ಯಾಡ್ರಿ, ಪುಸ್ತಕದಂಗ ನಿಲ್ಲಿಸ್ರಿ. ಕಾಕಾನ ಹತ್ತಿರ ಹೋಗೋದಿದ್ರ ನನಗ ಫೋನ್ ಹಚ್ಚ್ರಿ, ಜೋಡಿ ಬರ್ತೀನಿ.

ಗುರುವಾರ ಮಧ್ಯಾಹ್ನ ನಾಕಕ್ಕ ನಮ್ಮಲ್ಲಿ ರೆಕಾರ್ಡು ಹಚ್ತೀವಿ. ನಿಮ್ಮ ಮನ್ಯಾಗ ಉಳದ ಪ್ಲೇಟು ಇದ್ರ ತಗೊಂಡು ಬರ್ರಿ. ನಡುವಿನ ಖುರ್ಚಿಗೆ ಪಾಳಿ ಹಚ್ಚೀವಿ, ಒಬ್ಬೊಬ್ಬರಿಗೆ ಒಂದೊಂದು ಬದಿ. ಅತ್ತಿ ಮಾತ್ರ ಎರಡೂ ಬದಿ ಬೇಕು ಅಂತಾರ, ಅದಕ್ಕ ಯಾರೂ ತಕರಾರ ಮಾಡಬ್ಯಾಡ್ರಿ.